ಸ್ನೋಮೊಬೈಲ್ ಮತ್ತು ಹಿಮಕುಸಿತ: ಗೆಳೆಯ ಸಿಕ್ಕಿಕೊಂಡಾಗ ಮೇಲೆ ಹೋಗಬಾರದು ಯಾಕೆ?

ಹಿಮ ತುಂಬಿದ ಕಡಿದಾದ ಇಳಿಜಾರು. ಕೆಳಗೆ ಸಮತಟ್ಟಿನಲ್ಲಿ ನಾಲ್ಕು ಸ್ನೋಮೊಬೈಲ್‌ಗಳು, ಅಂದರೆ ಹಿಮದ ಮೇಲೆ ಓಡಿಸುವ ಎಂಜಿನ್ ಗಾಡಿಗಳು, ನಿಂತಿವೆ. ಐದನೆಯವನು ಎಂಜಿನ್ ಅರಚಿಸುತ್ತಾ ಮೇಲೇರುತ್ತಾನೆ. ಮುಕ್ಕಾಲು ಭಾಗ ಏರಿದ ಮೇಲೆ ಗಾಡಿಯ ಹಿಂಭಾಗ ಹಿಮದಲ್ಲಿ ಹೂತು ನಿಂತುಬಿಡುತ್ತದೆ. ಇಳಿದು ಎಳೆದಾಡುತ್ತಾನೆ, ಅಲುಗುವುದಿಲ್ಲ. ಕೆಳಗಿದ್ದ ಗೆಳೆಯನೊಬ್ಬ ಹಿಂದೆಮುಂದೆ ನೋಡದೆ ತನ್ನ ಗಾಡಿ ಸ್ಟಾರ್ಟ್ ಮಾಡಿ ಸಹಾಯಕ್ಕೆ ಹೊರಡುತ್ತಾನೆ.

ಗೆಳೆಯ ಅಂದಮೇಲೆ ಅಷ್ಟು ಮಾಡಬೇಕು, ಅಲ್ವಾ? ಆದರೆ ಕೆನಡಾ ಮತ್ತು ಅಮೆರಿಕದ ಬೆಟ್ಟಗಳಲ್ಲಿ ಸ್ನೋಮೊಬೈಲ್ ಓಡಿಸುವವರಿಗೆ ಸುರಕ್ಷತೆಯ ಪಾಠ ಹೇಳುವವರು ‘ದಯವಿಟ್ಟು ಇದೊಂದನ್ನು ಮಾಡಬೇಡಿ’ ಎಂದು ಮತ್ತೆ ಮತ್ತೆ ಹೇಳುವುದು ಇದನ್ನೇ. ಮೊದಲ ಗಾಡಿಯ ಭಾರವನ್ನು ಹೇಗೋ ತಡೆದುಕೊಂಡಿದ್ದ ಹಿಮ ಎರಡನೆಯದನ್ನು ತಡೆಯದೆ ಹೋಗಬಹುದು. ಹಾಗಾದಾಗ ಸಿಕ್ಕಿಬೀಳುವುದು ಒಬ್ಬನಲ್ಲ, ಇಬ್ಬರು. ಅಗೆದು ತೆಗೆಯಲು ಉಳಿಯುವವರೂ ಒಬ್ಬ ಕಡಿಮೆ.

ಇದು ಯಾಕೆ ಹೀಗೆ ಎಂದು ತಿಳಿಯಲು ಹಿಮದ ಒಳಗೆ ಇಣುಕಬೇಕು. ಅದಕ್ಕೂ ಮೊದಲು ಒಂದು ಪದದ ವಿಷಯ. ನಮ್ಮ ಸುದ್ದಿಗಳಲ್ಲಿ ‘ಹಿಮಪಾತ’ ಎಂಬ ಪದವನ್ನು ಆಕಾಶದಿಂದ ಹಿಮ ಬೀಳುವುದಕ್ಕೂ ಬಳಸುತ್ತಾರೆ, ಬೆಟ್ಟದಿಂದ ಹಿಮ ಜಾರಿ ಬರುವುದಕ್ಕೂ ಬಳಸುತ್ತಾರೆ. ಈ ಲೇಖನದಲ್ಲಿ ಎರಡನೆಯದು ಹಿಮಕುಸಿತ. ಎರಡನ್ನೂ ಬೆರೆಸಿದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ.

ಚಪ್ಪಡಿಯೂ ಅದರ ಕೆಳಗಿನ ಕಂಬಗಳೂ

ಹಿಮಕುಸಿತ ಅಂದಾಗ ಮೇಲಿನಿಂದ ಉರುಳುತ್ತಾ ದೊಡ್ಡದಾಗುವ ಹಿಮದ ಚೆಂಡು ಕಣ್ಣಮುಂದೆ ಬರುತ್ತದೆ. ಕಾರ್ಟೂನ್‌ಗಳ ಪ್ರಭಾವ ಇರಬೇಕು. ಜನರನ್ನು ಕೊಲ್ಲುವ ಕುಸಿತಗಳಲ್ಲಿ ಹೆಚ್ಚಿನವು ಹಾಗಿರುವುದಿಲ್ಲ. ಅಲ್ಲಿ ಇಳಿಜಾರಿನ ಒಂದು ಇಡೀ ತುಂಡು, ಕಲ್ಲಿನ ಚಪ್ಪಡಿಯಂತೆ, ಒಟ್ಟಿಗೇ ಬಿಟ್ಟುಕೊಂಡು ಜಾರುತ್ತದೆ. ಅದರ ಮೇಲೆ ನಿಂತವನ ಕಾಲಡಿಯಲ್ಲೇ, ಎಷ್ಟೋ ಸಲ ಅವನ ತಲೆಯ ಮೇಲಿನ ಭಾಗದಲ್ಲೂ, ಹಿಮ ಬಿರುಕು ಬಿಡುತ್ತದೆ. ಒಣಹಿಮದ ಇಂಥ ಚಪ್ಪಡಿ ಕೆಲವೇ ಸೆಕೆಂಡಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ದಾಟಬಲ್ಲದು.

ಚಳಿಗಾಲದ ಹಿಮ ಒಂದೇ ಸಲ ಬಿದ್ದ ರಾಶಿಯಲ್ಲ. ಒಂದೊಂದು ಬಿರುಗಾಳಿಯೂ ತನ್ನದೊಂದು ಪದರ ಬಿಟ್ಟುಹೋಗುತ್ತದೆ. ಕೆಲವು ಪದರ ಗಟ್ಟಿ, ಕೆಲವು ಸಡಿಲ. ಗಟ್ಟಿಯಾದ ಪದರ ಸಡಿಲ ಪದರದ ಮೇಲೆ ಕೂತಾಗ ತೊಂದರೆ ಶುರು. ಸಾವಿರಾರು ಸಣ್ಣ ಕಂಬಗಳ ಮೇಲೆ ಇಟ್ಟ ಒಂದು ಚಪ್ಪಡಿಯನ್ನು ನೆನೆಸಿಕೊಳ್ಳಿ. ಒಂದೆರಡು ಕಂಬ ಮುರಿದರೆ ಅವುಗಳ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ. ಅವೂ ಮುರಿದರೆ ಅದರಾಚೆಯವು. ಕ್ಷಣಾರ್ಧದಲ್ಲಿ ಈ ಮುರಿತ ಇಡೀ ಇಳಿಜಾರಿಗೆ ಹರಡುತ್ತದೆ.

ಈ ಸಡಿಲ ಪದರ ಹುಟ್ಟುವ ಬಗೆ ನನಗೆ ಈ ವಿಷಯದಲ್ಲೇ ಬಹಳ ಇಷ್ಟವಾದ ಭಾಗ. ಹಿಮದ ತಳ ನೆಲಕ್ಕೆ ತಾಗಿರುವುದರಿಂದ ಅಲ್ಲಿ ಉಷ್ಣತೆ ಹೆಚ್ಚುಕಡಿಮೆ 0 ಡಿಗ್ರಿ ಇರುತ್ತದೆ. ಮೇಲ್ಮೈ ಮಾತ್ರ ರಾತ್ರಿ ಮೈನಸ್ 20ಕ್ಕೂ ಇಳಿಯಬಹುದು. ತಳದ ಬಿಸುಪಿಗೆ ಹಿಮದ ಕಣಗಳಿಂದ ಆವಿ ಎದ್ದು, ಮೇಲಿನ ತಣ್ಣನೆಯ ಕಣಗಳ ಮೇಲೆ ಮತ್ತೆ ಹರಳುಗಟ್ಟುತ್ತದೆ. ಪ್ರತಿ 10 ಸೆಂಟಿಮೀಟರ್‌ಗೆ ಸುಮಾರು 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೂಲೆಮೂಲೆಯಾದ, ಒಂದಕ್ಕೊಂದು ಅಂಟದ ಹರಳುಗಳು ಬೆಳೆಯುತ್ತವೆ. ಕೈಗೆತ್ತಿಕೊಂಡರೆ ಸಕ್ಕರೆಯಂತೆ ಬೆರಳ ಸಂದಿಯಿಂದ ಸೋರಿಹೋಗುತ್ತವೆ. ಅಲ್ಲಿಯವರೂ ಅದನ್ನು ಸಕ್ಕರೆ ಹಿಮ ಎಂದೇ ಕರೆಯುವುದು.

ಲೆಕ್ಕ ಹಾಕಿ ನೋಡಿ. ಹಿಮ 2 ಮೀಟರ್ ದಪ್ಪ ಇದ್ದರೆ ಆ 20 ಡಿಗ್ರಿ ವ್ಯತ್ಯಾಸ ಹಂಚಿಹೋಗುತ್ತದೆ. ಅರ್ಧ ಮೀಟರ್ ಮಾತ್ರ ಇದ್ದರೆ ಅಷ್ಟೂ ವ್ಯತ್ಯಾಸ ಅಷ್ಟರಲ್ಲೇ ಅಡಕವಾಗಬೇಕು. ಹಾಗಾಗಿ ಹಿಮ ತೆಳುವಾಗಿರುವ ಕಡೆಯೇ ಸಡಿಲ ಪದರ ಚೆನ್ನಾಗಿ ಬೆಳೆಯುತ್ತದೆ. ‘ಈ ವರ್ಷ ಹಿಮ ಕಡಿಮೆ, ಅಪಾಯವೂ ಕಡಿಮೆ’ ಎನ್ನುವ ಮಾತು ತಲೆಕೆಳಗಾಗುವುದು ಇಲ್ಲೇ. ಅಮೆರಿಕದ ಕೊಲರಾಡೋದಂಥ ಒಣ, ಚಳಿಯ ಪ್ರದೇಶದಲ್ಲಿ ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮ ಸಕ್ಕರೆಯಾಗಿ, ತಿಂಗಳುಗಟ್ಟಲೆ ತಳದಲ್ಲಿ ಕೂತು ಕಾಡುತ್ತದೆ.

ಇನ್ನೊಂದು ಬಗೆಯ ಸಡಿಲ ಪದರ ನೋಡಲು ತುಂಬಾ ಚಂದ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಹಿಮದ ಮೇಲ್ಮೈಯಲ್ಲಿ ಇಬ್ಬನಿ ಗರಿಗಳಂತೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಇಡೀ ಇಳಿಜಾರು ಮಿನುಗುತ್ತದೆ. ಅದು ಮೇಲೆಯೇ ಇರುವ ತನಕ ಚಿಂತೆಯಿಲ್ಲ. ಅದರ ಮೇಲೆ ಹೊಸ ಹಿಮ ಬಿತ್ತು ಅಂದರೆ ಆ ನವಿರು ಗರಿಗಳೇ ಚಪ್ಪಡಿಯ ಕೆಳಗಿನ ಕಂಬಗಳಾಗುತ್ತವೆ. ಮೇಲಿನಿಂದ ನೋಡುವವನಿಗೆ ಕಾಣುವುದು ಬರೀ ಬೆಳ್ಳಗಿನ ಹಾಸು.

ಇಷ್ಟಕ್ಕೆ ಇಳಿಜಾರಿನ ಕೋನ ಸೇರಬೇಕು. ಚಪ್ಪಡಿ ಕುಸಿತಗಳಲ್ಲಿ ಬಹುತೇಕ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. 30ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಜಾರುವಷ್ಟು ಎಳೆತ ಇರುವುದಿಲ್ಲ. 45 ದಾಟಿದರೆ ಹಿಮ ಆಗಾಗ ಸ್ವಲ್ಪ ಸ್ವಲ್ಪವೇ ಉದುರಿಹೋಗುವುದರಿಂದ ದೊಡ್ಡ ಚಪ್ಪಡಿ ಕಟ್ಟುವುದು ಕಡಿಮೆ. ಮನೆಯ ಮೆಟ್ಟಿಲುಗಳ ಓರೆ ಹೆಚ್ಚುಕಡಿಮೆ 30ರಿಂದ 35 ಡಿಗ್ರಿ ಇರುತ್ತದೆ ಎಂದುಕೊಂಡರೆ ಅಂದಾಜು ಸಿಗುತ್ತದೆ. ಗಾಡಿಯ ಕಸುವನ್ನು ಪರೀಕ್ಷಿಸಲು ಸವಾರನಿಗೆ ಬೇಕಾಗಿರುವ ಇಳಿಜಾರೂ ಅದೇ ಕೋನದ್ದು. ಈ ಆಟದ ದುರದೃಷ್ಟ ಇದು. ಮಜಾ ಇರುವ ಜಾಗವೂ ಕುಸಿಯುವ ಜಾಗವೂ ಒಂದೇ.

ಸರಿ, ಚಪ್ಪಡಿ ಇದೆ, ಕಂಬಗಳಿವೆ, ಕೋನ ಇದೆ. ಮೊದಲ ಕಂಬ ಮುರಿಯುವವರು ಯಾರು? ವಿಹಾರಕ್ಕೆ ಹೋದವರು ಸತ್ತ ಕುಸಿತಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತನ್ನು ಶುರುಮಾಡಿದ್ದು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಯವರೇ. ಈ ಒಂದು ಸಂಗತಿ ಗೊತ್ತಾದ ಮೇಲೆ ಹಿಮಕುಸಿತವನ್ನು ಸಿಡಿಲಿನ ಸಾಲಿಗೆ ಸೇರಿಸಿ ‘ಹಣೆಬರಹ’ ಅನ್ನಲು ಬರುವುದಿಲ್ಲ.

ಗಾಡಿ ಕೊಡುವುದೇನು, ಕಸಿಯುವುದೇನು

1959ರಲ್ಲಿ ಕೆನಡಾದ ಕ್ವಿಬೆಕ್‌ನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಅವರ ಸ್ಕಿ-ಡೂ ಮಾರುಕಟ್ಟೆಗೆ ಬಂದಾಗ ಅದು ಹಿಮದ ದಾರಿಗಳಲ್ಲಿ ಓಡಾಡುವ ಹಗುರ ಗಾಡಿ. ಕಡಿದಾದ ಬೆಟ್ಟ ಹತ್ತುವ ತಾಕತ್ತು ಅದಕ್ಕಿರಲಿಲ್ಲ. ಇವತ್ತಿನ ಬೆಟ್ಟದ ಸ್ನೋಮೊಬೈಲ್ ಬೇರೆಯೇ ಪ್ರಾಣಿ. 850 ಸಿಸಿಯ ಎರಡು-ಸ್ಟ್ರೋಕ್ ಎಂಜಿನ್, 150ಕ್ಕೂ ಹೆಚ್ಚು ಅಶ್ವಶಕ್ತಿ, ಆಳದ ಪುಡಿಹಿಮದಲ್ಲೂ ತೇಲಿಸುವ ಉದ್ದನೆಯ ಟ್ರ್ಯಾಕ್ (ಚಕ್ರದ ಬದಲು ಗಾಡಿಯ ಕೆಳಗೆ ಸುತ್ತುವ ರಬ್ಬರ್ ಪಟ್ಟಿ), ಆ ಟ್ರ್ಯಾಕ್ ಮೇಲೆ ಸುಮಾರು 3 ಇಂಚಿನ ರಬ್ಬರ್ ಹಲ್ಲುಗಳು. ಸವಾರ, ಪೆಟ್ರೋಲ್ ಎಲ್ಲ ಸೇರಿ ತೂಕ 300 ಕಿಲೋ ದಾಟುತ್ತದೆ. ಆ ಹಲ್ಲುಗಳು ಹಿಮವನ್ನು ಅಗೆಯುತ್ತಾ ಸಾಗುವುದರಿಂದ, ಸ್ಕೀ (ಹಿಮದಲ್ಲಿ ಜಾರಲು ಕಾಲಿಗೆ ಕಟ್ಟುವ ಉದ್ದ ಪಟ್ಟಿ) ಮೇಲೆ ಹೋಗುವವನ ಒತ್ತಡ ಮುಟ್ಟದ ಆಳದ ಪದರವನ್ನೂ ಗಾಡಿಯ ಒತ್ತಡ ಮುಟ್ಟಬಲ್ಲದು.

ತೂಕಕ್ಕಿಂತ ದೊಡ್ಡ ವಿಷಯ ವೇಗ. ಸ್ಕೀ ಕಟ್ಟಿಕೊಂಡು ನಡೆದು ಹತ್ತುವವನು ಒಂದು ಇಳಿಜಾರಿಗೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಾನೆ. ಹೆಜ್ಜೆ ಹೆಜ್ಜೆಗೂ ಅವನ ಕೋಲು ಹಿಮವನ್ನು ಚುಚ್ಚುತ್ತಿರುತ್ತದೆ. ಹಿಮ ಗಟ್ಟಿಯೋ ಟೊಳ್ಳೋ ಎಂದು ಕೈಗೆ ಗೊತ್ತಾಗುತ್ತಿರುತ್ತದೆ. ಸ್ನೋಮೊಬೈಲ್ ಸವಾರ ಅದೇ ಗಂಟೆಯಲ್ಲಿ ಹತ್ತಾರು ಇಳಿಜಾರುಗಳನ್ನು ಮುಟ್ಟಿ ಬಂದಿರುತ್ತಾನೆ. ಒಂದು ಕಣಿವೆಯಲ್ಲಿ ಗಟ್ಟಿಯಾಗಿದ್ದ ಹಿಮ ಪಕ್ಕದ ಕಣಿವೆಯಲ್ಲಿ ಹಾಗಿರಬೇಕೆಂದಿಲ್ಲ. ಅವನು ಒಂದೇ ದಿನದಲ್ಲಿ ಪಂಥ ಕಟ್ಟುವ ಸಂಖ್ಯೆ ಅಷ್ಟು ಜಾಸ್ತಿ.

ಎಲ್ಲಕ್ಕಿಂತ ಕೆಟ್ಟದ್ದು ಎಂಜಿನ್ ಸದ್ದು ಎಂದು ನನಗನ್ನಿಸುತ್ತದೆ. ಹಿಮ ಕುಸಿಯುವ ಮುನ್ನ ಹಲವು ಸಲ ಬಾಯಿಬಿಟ್ಟು ಹೇಳುತ್ತದೆ. ಒಳಗಿನ ಸಡಿಲ ಪದರ ಕುಗ್ಗಿದಾಗ ‘ಧೊಪ್’ ಎಂಬ ಮಂದ ಶಬ್ದ ಬರುತ್ತದೆ, ನೆಲವೇ ಒಂದು ಬೆರಳಷ್ಟು ಕುಸಿದಂತೆ ಕಾಲಿಗೆ ತಿಳಿಯುತ್ತದೆ. ನಡೆಯುವವನು ಇದನ್ನು ಕೇಳಿ ಮೈ ಜುಮ್ಮೆಂದು ಅಲ್ಲಿಯೇ ನಿಲ್ಲುತ್ತಾನೆ. ಹೆಲ್ಮೆಟ್ ಹಾಕಿ, 150 ಅಶ್ವಶಕ್ತಿಯ ಎಂಜಿನ್ ಮೇಲೆ ಕೂತವನಿಗೆ ಅದು ಕೇಳಿಸುವುದು ಹೇಗೆ? ಟ್ರ್ಯಾಕಿನ ಅದುರಾಟದಲ್ಲಿ ಆ ಕುಗ್ಗುವಿಕೆ ಗೊತ್ತಾಗುವುದೂ ಇಲ್ಲ.

ಅದಕ್ಕೇ ಸ್ನೋಮೊಬೈಲ್ ಸವಾರರಿಗೆ ಇರುವ ಅತ್ಯಂತ ಅಗ್ಗದ ಸುರಕ್ಷತಾ ಸಾಧನ ಕಿಲ್ ಸ್ವಿಚ್, ಅಂದರೆ ಎಂಜಿನ್ ಆರಿಸುವ ಗುಂಡಿ. ಕಡಿದಾದ ಜಾಗಕ್ಕೆ ಹೋಗುವ ಮೊದಲು ಸುರಕ್ಷಿತ ಕಡೆ ನಿಲ್ಲಿಸಿ, ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಕಾಲು ಎಷ್ಟು ಆಳಕ್ಕೆ ಹೋಗುತ್ತದೆ? ಕೆಳಗೆ ಸಕ್ಕರೆಯಂಥದ್ದು ಸಿಗುತ್ತದೆಯೇ? ಸುತ್ತಲಿನ ಬೆಟ್ಟಗಳಲ್ಲಿ ಹೊಸದಾಗಿ ಕುಸಿದ ಗುರುತು ಕಾಣುತ್ತದೆಯೇ? ಇದಕ್ಕಿಂತ ಸ್ಪಷ್ಟ ಸೂಚನೆ ಬೇರೆ ಇಲ್ಲ. ಅದೇ ದಿಕ್ಕಿಗೆ ಮುಖ ಮಾಡಿದ, ಅದೇ ಎತ್ತರದ ಇಳಿಜಾರು ಪಕ್ಕದಲ್ಲಿ ಕುಸಿದಿದ್ದರೆ ನಿಮ್ಮೆದುರಿನದು ಸರದಿಯಲ್ಲಿ ನಿಂತಿದೆ ಎಂದು ತಿಳಿದುಕೊಳ್ಳಿ. ಗಾಡಿಯ ಮುಂದೆ ಹಿಮದಲ್ಲಿ ಗೆರೆ ಎಳೆದಂತೆ ಬಿರುಕು ಓಡಿದರೂ ಅಷ್ಟೇ.

ಗಾಳಿಯನ್ನೂ ನೋಡಬೇಕು. ಬೆಟ್ಟದ ಒಂದು ಮಗ್ಗುಲಿನಿಂದ ಹಿಮ ಎತ್ತಿ ಇನ್ನೊಂದು ಮಗ್ಗುಲಿಗೆ ಹಾಕುವುದರಲ್ಲಿ ಗಾಳಿ ಬಲು ಚುರುಕು. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ಬೇಗ ಅದು ಒಂದೇ ಕಡೆ ಹಿಮ ಪೇರಿಸಬಲ್ಲದು. ಹಾಗಾಗಿ ನೀಲಿ ಆಕಾಶ, ಬಿಸಿಲು ಇದ್ದರೂ ಗಾಳಿಮರೆಯ ಇಳಿಜಾರಿನಲ್ಲಿ ಭಾರ ಏರುತ್ತಲೇ ಇರಬಹುದು. ಒಂದೆರಡು ದಿನದಲ್ಲಿ ಬಿದ್ದ ದೊಡ್ಡ ಹಿಮ, ಚಕ್ಕನೆ ಏರಿದ ಬಿಸಿಲಿನ ಕಾವು, ಹಿಮದ ಮೇಲೆ ಮಳೆ, ಇವೂ ಅದೇ ಜಾತಿಯವು.

ಮೇಲೆ ತಿರುಗುವ ಕ್ಷಣ

ಸವಾರರ ನಡುವೆ ‘ಹೈಮಾರ್ಕಿಂಗ್’ ಎಂಬ ಪಂದ್ಯ ಇದೆ. ಇಳಿಜಾರಿನ ಮೇಲೆ ಆದಷ್ಟು ಎತ್ತರಕ್ಕೆ ಏರಿ, ಗಾಡಿ ಇನ್ನು ಏರಲಾರದು ಅನ್ನುವಾಗ ತಿರುಗಿಸಿ ಕೆಳಗೆ ಬರುವುದು. ಹಿಮದಲ್ಲಿ ಉಳಿಯುವ ಕಮಾನಿನ ಗುರುತು ಯಾರದು ಎತ್ತರವೋ ಅವರು ಗೆದ್ದರು. ಸ್ನೋಮೊಬೈಲ್ ಸವಾರರ ಹಿಮಕುಸಿತದ ಸಾವುಗಳಲ್ಲಿ ಈ ಆಟದ ಹೆಸರು ಮತ್ತೆ ಮತ್ತೆ ಬರುತ್ತದೆ.

ಯಾಕೆಂದರೆ ತಿರುಗುವ ಆ ಕ್ಷಣದಲ್ಲಿ ಎಲ್ಲವೂ ಅವನಿಗೆ ವಿರುದ್ಧ. ವೇಗ ಸತ್ತಿರುತ್ತದೆ, ಟ್ರ್ಯಾಕ್ ಹಿಮವನ್ನು ಜೋರಾಗಿ ಅಗೆಯುತ್ತಿರುತ್ತದೆ. ಇಳಿಜಾರಿನ ಮೇಲ್ಭಾಗದಲ್ಲಿ, ಬಂಡೆಗಳ ಹತ್ತಿರ ಹಿಮ ತೆಳುವಾಗಿರುವುದರಿಂದ ಒತ್ತಡ ಸಡಿಲ ಪದರಕ್ಕೆ ಸುಲಭವಾಗಿ ಮುಟ್ಟುತ್ತದೆ. ಚಪ್ಪಡಿ ಬಿಟ್ಟುಕೊಂಡರೆ ಅವನಿಗಿಂತ ಮೇಲೂ ಹಿಮ, ಕೆಳಗೂ ಹಿಮ. ಥ್ರಾಟಲ್ ಒತ್ತಿ ಪಕ್ಕಕ್ಕೆ ಹಾರಿಹೋಗಲು ಗಾಡಿಗೆ ಓಟವೇ ಇರುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಬಲವಾಗಿದೆ. ಒಂದು ಇಳಿಜಾರಿನಲ್ಲಿ ಆಗಲೇ ಹತ್ತು ಗುರುತು ಇದ್ದರೆ ‘ಹತ್ತು ಜನ ಹೋಗಿ ಬಂದಿದ್ದಾರೆ, ನಮಗೇನು’ ಎಂದುಕೊಳ್ಳುವುದು. ಚಪ್ಪಡಿ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಹತ್ತು ಜನ ದಪ್ಪ ಭಾಗದ ಮೇಲೆ ಹೋಗಿರಬಹುದು. ಹನ್ನೊಂದನೆಯವನು ಎರಡು ಮೀಟರ್ ಆಚೆ, ತೆಳು ಭಾಗದ ಮೇಲೆ ಹೋಗುತ್ತಾನೆ. ಹಿಂದಿನ ಗುರುತು ಹಿಂದಿನವನ ಅದೃಷ್ಟಕ್ಕೆ ಸಾಕ್ಷಿ, ಅಷ್ಟೇ.

ಕೆಳಗೆ ನಿಂತು ನೋಡುವವರೂ ಆಟದಲ್ಲಿ ಇದ್ದಾರೆ ಎನ್ನುವುದನ್ನು 2010ರ ಮಾರ್ಚ್ 13 ತೋರಿಸಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರೆವೆಲ್‌ಸ್ಟೋಕ್ ಹತ್ತಿರ, ಬೌಲ್ಡರ್ ಮೌಂಟನ್‌ನಲ್ಲಿ ‘ಬಿಗ್ ಐರನ್ ಶೂಟ್‌ಔಟ್’ ಎಂಬ ಕೂಟಕ್ಕೆ ಸುಮಾರು 200 ಜನ ಸೇರಿದ್ದರು. ಕೆಲವರು ಇಳಿಜಾರು ಏರುತ್ತಿದ್ದರು, ಉಳಿದವರು ಬುಡದಲ್ಲಿ ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದರು. ಇಳಿಜಾರು ಕುಸಿದು ನೇರ ಆ ಜನರ ಮೇಲೆ ಬಂತು. ಇಬ್ಬರು ಸತ್ತರು, ಸುಮಾರು 30 ಮಂದಿಗೆ ಗಾಯವಾಯಿತು. ಸಮತಟ್ಟಾದ ನೆಲ ಸುರಕ್ಷಿತ ಎಂಬ ನಂಬಿಕೆ ಎಷ್ಟು ಪೊಳ್ಳು ನೋಡಿ. ಕುಸಿದ ಹಿಮ ಬಂದು ನಿಲ್ಲುವ ಜಾಗವೇ ಆ ಸಮತಟ್ಟು.

ಇನ್ನೂ ವಿಚಿತ್ರ ಅಂದರೆ ಬುಡದಲ್ಲಿ ಸುಮ್ನೆ ಓಡಾಡುವುದರಿಂದಲೇ ಮೇಲಿನ ಇಳಿಜಾರನ್ನು ಕೆಡವಬಹುದು. ಸಡಿಲ ಪದರ ಸಮತಟ್ಟಿನಲ್ಲೂ ಹಬ್ಬಿರುತ್ತದೆ. ಇಲ್ಲಿ ಮುರಿದ ಕಂಬದ ಸುದ್ದಿ ಅಲ್ಲಿ ಮೇಲಕ್ಕೆ ಓಡಿ, ಕಡಿದಾದ ಭಾಗ ಕಳಚಿಕೊಳ್ಳುತ್ತದೆ. ತಾನು ಇಳಿಜಾರಿನ ಮೇಲೆ ಕಾಲೇ ಇಟ್ಟಿಲ್ಲ ಎನ್ನುವವನೂ ಸಿಕ್ಕಿಬೀಳುವುದು ಹೀಗೆ.

ಮೂರನೇ ಅಂಕಿಯ ಮೋಸ

ಕೆನಡಾದಲ್ಲಿ ಅವಲಾಂಚ್ ಕೆನಡಾ, ಅಮೆರಿಕದಲ್ಲಿ ಯೂಟಾ, ಕೊಲರಾಡೋ ಮೊದಲಾದ ರಾಜ್ಯಗಳ ಹಿಮಕುಸಿತ ಕೇಂದ್ರಗಳು ಚಳಿಗಾಲದುದ್ದಕ್ಕೂ ಮುನ್ಸೂಚನೆ ಕೊಡುತ್ತವೆ, ಅದೂ ಪುಕ್ಕಟೆ. ಅಪಾಯವನ್ನು 1ರಿಂದ 5ರವರೆಗೆ ಹೇಳುತ್ತಾರೆ: ಕಡಿಮೆ, ಮಧ್ಯಮ, ಗಣನೀಯ, ಹೆಚ್ಚು, ವಿಪರೀತ.

ಹೆಚ್ಚು ಸಾವು ಯಾವ ಹಂತದಲ್ಲಿ? 5 ಇರಬೇಕು ಎಂದುಕೊಳ್ಳುತ್ತೇವೆ. ಅಲ್ಲ, 3ರಲ್ಲಿ. 4, 5 ಇದ್ದಾಗ ಬೆಟ್ಟವೇ ಹೆದರಿಸುತ್ತದೆ, ತಾನಾಗಿಯೇ ಕುಸಿತಗಳಾಗುತ್ತಿರುತ್ತವೆ, ಜನ ಮನೆಯಲ್ಲೇ ಉಳಿಯುತ್ತಾರೆ. 3 ಅಂದರೆ ಪರೀಕ್ಷೆಯಲ್ಲಿ ಪಾಸಾದಷ್ಟು ಅಂಕ ಎಂಬಂತೆ ಕಾಣುತ್ತದೆ, ಐದರಲ್ಲಿ ನಡುವಿನದು ತಾನೇ ಎಂದು. ಆದರೆ ಅದರ ಅರ್ಥ ಹೀಗಿದೆ: ತಾನಾಗಿ ಕುಸಿಯುವ ಸಾಧ್ಯತೆ ಇದೆ, ಮನುಷ್ಯ ಹೋದರೆ ಕುಸಿಯುವುದು ಬಹುಮಟ್ಟಿಗೆ ಆಗುವಂಥದ್ದೇ. ಬೆಟ್ಟ ಶಾಂತವಾಗಿ ಕಾಣುತ್ತದೆ, ಯಾರಾದರೂ ಬಂದು ತಟ್ಟಲಿ ಎಂದು ಕಾಯುತ್ತಿರುತ್ತದೆ. ಒಂದೊಂದು ಹಂತ ಏರಿದಂತೆ ಅಪಾಯ ಒಂದೊಂದೇ ಮೆಟ್ಟಿಲು ಏರುವುದಿಲ್ಲ, ಪಟ್ಟುಪಟ್ಟಾಗಿ ಏರುತ್ತದೆ.

ಅಂಕಿಯೊಂದನ್ನೇ ನೋಡಿ ಫೋನ್ ಮುಚ್ಚುವವರೇ ಹೆಚ್ಚು. ಅದರ ಕೆಳಗಿನ ಬರಹದಲ್ಲಿ ತಿರುಳು ಇರುವುದು. ಇವತ್ತಿನ ತೊಂದರೆ ಗಾಳಿ ಪೇರಿಸಿದ ಹಿಮದ್ದೋ ಅಥವಾ ಆಳದಲ್ಲಿ ಕೂತ ಹಳೆಯ ಸಡಿಲ ಪದರದ್ದೋ? ಯಾವ ದಿಕ್ಕಿಗೆ ಮುಖ ಮಾಡಿದ ಇಳಿಜಾರುಗಳಲ್ಲಿ? ಮರಗಳ ಗಡಿಗಿಂತ ಮೇಲೋ ಕೆಳಗೋ? ಗಾಳಿಯ ತೊಂದರೆ ಆದರೆ ಕೆಲವು ದಿನದಲ್ಲಿ ಕೂತು ಗಟ್ಟಿಯಾಗಬಹುದು. ಆಳದ ಸಡಿಲ ಪದರವಾದರೆ ವಾರಗಟ್ಟಲೆ, ಕೆಲವೊಮ್ಮೆ ಇಡೀ ಚಳಿಗಾಲ, ಅಂಥ ಇಳಿಜಾರುಗಳನ್ನು ಮರೆತುಬಿಡುವುದೇ ಲೇಸು. ಆಗಲೂ ಓಡಿಸಲು ಜಾಗವಿಲ್ಲ ಎಂದಲ್ಲ. 30 ಡಿಗ್ರಿಗಿಂತ ಕಡಿಮೆ ಇರುವ, ಮೇಲೆ ಕಡಿದಾದ ಇಳಿಜಾರು ನೇತಾಡದ ಬಯಲುಗಳು ಬೇಕಾದಷ್ಟಿವೆ.

ಇಷ್ಟೆಲ್ಲ ಓದಿಕೊಂಡು ಹೋದವರೂ ಸಿಕ್ಕಿಬೀಳುತ್ತಾರೆ. ಅಮೆರಿಕದ ಸಂಶೋಧಕ ಇಯಾನ್ ಮೆಕ್‌ಕ್ಯಾಮನ್ 2000ದ ದಶಕದ ಆರಂಭದಲ್ಲಿ ನೂರಾರು ಅಪಘಾತಗಳ ದಾಖಲೆ ಕೆದಕಿ, ಜನ ತಪ್ಪುವ ಜಾಗಗಳನ್ನು ಗುರುತಿಸಿದರು. ಪರಿಚಿತ ಜಾಗ ಎಂಬ ಧೈರ್ಯ, ಇಲ್ಲಿಯವರೆಗೆ ಬಂದಾಗಿದೆ ಎಂಬ ಹಟ, ಬೇರೆಯವರೂ ಇದ್ದಾರಲ್ಲ ಎಂಬ ಸಮಾಧಾನ, ಗುಂಪಿನಲ್ಲಿ ಒಬ್ಬನನ್ನು ಬಲ್ಲವನೆಂದು ನಂಬಿ ಹಿಂದೆ ಹೋಗುವುದು. ಕೊನೆಯದು ಸ್ನೋಮೊಬೈಲ್ ಗುಂಪುಗಳಿಗೆ ತುಂಬಾ ಹೊಂದುತ್ತದೆ. ಅಲ್ಲಿ ಮುಂದಾಳು ಆಗುವವನು ಸಾಮಾನ್ಯವಾಗಿ ಗಾಡಿಯನ್ನು ಎಲ್ಲರಿಗಿಂತ ಚೆನ್ನಾಗಿ ಓಡಿಸುವವನು. ಹ್ಯಾಂಡಲ್ ಹಿಡಿಯುವ ಕೈಚಳಕಕ್ಕೂ ಹಿಮದ ತಿಳಿವಳಿಕೆಗೂ ಯಾವ ನಂಟೂ ಇಲ್ಲ. ಹಿಂಜರಿಯುವ ಹೊಸಬನ ಅನುಮಾನವೇ ಆ ದಿನ ಸರಿ ಇರಬಹುದು. ಅವನು ಬಾಯಿ ಬಿಡುವುದಿಲ್ಲ, ಬಿಟ್ಟರೂ ಎಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ. ಹೆಲ್ಮೆಟ್ ಒಳಗೆ ಮಾತಾಡುವ ರೇಡಿಯೋ ಇಟ್ಟುಕೊಂಡ ಗುಂಪುಗಳಿಗೆ ಇದರಿಂದ ದೊಡ್ಡ ಅನುಕೂಲ.

ಹತ್ತು ನಿಮಿಷ

ಹೂತುಹೋದವನಿಗೆ ಎಷ್ಟು ಹೊತ್ತು ಇದೆ? ಸ್ವಿಟ್ಜರ್‌ಲ್ಯಾಂಡ್‌ನಲ್ಲಿ 1981ರಿಂದ 2020ರವರೆಗೆ ಹೂತವರ ದಾಖಲೆ ನೋಡಿದ ಅಧ್ಯಯನದ ಪ್ರಕಾರ, 10 ನಿಮಿಷದೊಳಗೆ ಹೊರಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬದುಕಿದರು. 30 ನಿಮಿಷಕ್ಕೆ ಆ ಪ್ರಮಾಣ ಹತ್ತಕ್ಕೆ ಮೂರರ ಹತ್ತಿರ ಇಳಿದಿತ್ತು. ಕೊಲ್ಲುವುದು ಬಹುಮಟ್ಟಿಗೆ ಉಸಿರುಕಟ್ಟು. ತನ್ನದೇ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಖದ ಮುಂದೆ ತುಂಬಿಕೊಳ್ಳುತ್ತದೆ. ಜಾರುವಾಗ ಮರ, ಬಂಡೆಗೆ ಬಡಿದು ಸಾಯುವವರೂ ಇದ್ದಾರೆ. ಪಶ್ಚಿಮ ಕೆನಡಾದಲ್ಲಿ ಸುಮಾರು ನಾಲ್ಕಕ್ಕೆ ಒಂದು ಸಾವು ಏಟಿನಿಂದಲೇ.

ಹೆಲಿಕಾಪ್ಟರ್ 10 ನಿಮಿಷದಲ್ಲಿ ಬರುವುದಿಲ್ಲ. ಉಳಿಸುವವರು ಪಕ್ಕದಲ್ಲಿರುವ ಗೆಳೆಯರೇ. ಅವರ ಕೈಯಲ್ಲಿ ಮೂರು ವಸ್ತು ಇರಲೇಬೇಕು: ಟ್ರಾನ್ಸೀವರ್, ಪ್ರೋಬ್, ಸಲಿಕೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ಅರ್ಧ ಕೆಲಸದವು.

ಟ್ರಾನ್ಸೀವರ್ 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಂಕೇತ ಬಿಡುವ ಚಿಕ್ಕ ಪೆಟ್ಟಿಗೆ. ಯಾವ ಕಂಪನಿಯದಾದರೂ ತರಂಗ ಅದೇ, ಹಾಗಾಗಿ ಒಂದು ಇನ್ನೊಂದನ್ನು ಕೇಳಬಲ್ಲದು. ಹುಡುಕುವವರು ತಮ್ಮದನ್ನು ಹುಡುಕುವ ಸ್ಥಿತಿಗೆ ಬದಲಿಸಿ ಹಿಂಬಾಲಿಸುತ್ತಾರೆ. ಸ್ನೋಮೊಬೈಲ್ ಸವಾರರಿಗೆ ಇಲ್ಲಿ ಎರಡು ವಿಶೇಷ ತೊಡಕುಗಳಿವೆ. ಒಂದು, ಓಡುತ್ತಿರುವ ಎಂಜಿನ್, ಬಿಸಿ ಹ್ಯಾಂಡಲ್, ಜಿಪಿಎಸ್, ರೇಡಿಯೋ, ಫೋನ್ ಎಲ್ಲವೂ ಸಂಕೇತವನ್ನು ಕೆಡಿಸುತ್ತವೆ. ಸಾಮಾನ್ಯ ಹೊತ್ತಿನಲ್ಲಿ ಇಂಥವು ಟ್ರಾನ್ಸೀವರ್‌ನಿಂದ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಬೇಕು. ಹುಡುಕುವಾಗ ಎಲ್ಲರ ಎಂಜಿನ್ ಆರಿರಬೇಕು. ಎರಡು, ಸಾಮಾನನ್ನು ಗಾಡಿಯ ಚೀಲದಲ್ಲಿ ಇಡುವ ಅಭ್ಯಾಸ. ಭಾರ ಬೆನ್ನಿಗೇಕೆ, ಗಾಡಿಯಲ್ಲೇ ಇರಲಿ ಎಂದು. ಕುಸಿತ ಬಂದಾಗ ಗಾಡಿ ಒಂದು ಕಡೆ, ಸವಾರ ಒಂದು ಕಡೆ. ಗೆಳೆಯನನ್ನು ಹುಡುಕಬೇಕಾದವನ ಸಲಿಕೆ ಗಾಡಿಯ ಜೊತೆ ಮಣ್ಣುಪಾಲು, ಅಲ್ಲ, ಹಿಮಪಾಲು. ಟ್ರಾನ್ಸೀವರ್ ಮೈಮೇಲೆ ಜಾಕೆಟ್ ಒಳಗೆ, ಸಲಿಕೆ ಮತ್ತು ಪ್ರೋಬ್ ಬೆನ್ನ ಮೇಲೆ. ಇದರಲ್ಲಿ ರಿಯಾಯಿತಿ ಇಲ್ಲ.

ಪ್ರೋಬ್ ಅಂದರೆ ಮಡಚುವ ಉದ್ದ ಕಡ್ಡಿ. ಸಂಕೇತ ಬಲವಾಗಿರುವ ಜಾಗದಿಂದ ಸುತ್ತಲೂ ಸುರುಳಿಯಾಗಿ, ಸುಮಾರು 25 ಸೆಂಟಿಮೀಟರ್‌ಗೊಮ್ಮೆ ಚುಚ್ಚುತ್ತಾ ಹೋಗುತ್ತಾರೆ. ತಾಗಿದ ಮೇಲೆ ಕಡ್ಡಿಯನ್ನು ಅಲ್ಲೇ ಬಿಟ್ಟು, ಅದರ ಇಳಿಜಾರಿನ ಕೆಳಬದಿಯಿಂದ ಒಳಕ್ಕೆ ಅಗೆಯಬೇಕು. ನೇರ ಮೇಲಿನಿಂದ ಗುಂಡಿ ತೋಡಿದರೆ ಹೂತವನ ಉಸಿರಿನ ಜಾಗವನ್ನೇ ತುಳಿದಂತಾಗುತ್ತದೆ. ಕುಸಿದು ನಿಂತ ಹಿಮ ಸಿಮೆಂಟಿನ ಹಾಗೆ ಬಿಗಿಯುತ್ತದೆ. ಒಂದು ಮೀಟರ್ ಆಳದಲ್ಲಿರುವವನನ್ನು ತೆಗೆಯಲು ಒಂದು ಟನ್ನಿನಷ್ಟು ಹಿಮ ಸರಿಸಬೇಕಾಗಬಹುದು. ಪ್ಲಾಸ್ಟಿಕ್ ಸಲಿಕೆ ಅಲ್ಲಿ ಮುರಿಯುತ್ತದೆ, ಲೋಹದ್ದೇ ಬೇಕು. ಅಭ್ಯಾಸ ಇಲ್ಲದವರಿಗೆ ಹುಡುಕುವುದಕ್ಕಿಂತ ಅಗೆಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಏರ್‌ಬ್ಯಾಗ್ ಇರುವ ಬೆನ್ನುಚೀಲ ಸವಾರರಲ್ಲಿ ಈಗ ಸಾಮಾನ್ಯ. ಹಿಡಿ ಎಳೆದರೆ ಬಲೂನು ಉಬ್ಬುತ್ತದೆ. ಅಲುಗುವ ಕಣಗಳ ರಾಶಿಯಲ್ಲಿ ದೊಡ್ಡವು ಮೇಲಕ್ಕೆ ಬರುತ್ತವೆ ಎಂಬುದೇ ಇದರ ಹಿಂದಿನ ಗುಟ್ಟು. ಡಬ್ಬಿ ಅಲ್ಲಾಡಿಸಿದಾಗ ದಪ್ಪ ಕಾಳು ಮೇಲೆ ಬರುವುದಿಲ್ಲವೇ, ಹಾಗೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಗಂಭೀರವಾಗಿ ಸಿಕ್ಕಿಬಿದ್ದವರಲ್ಲಿ ಸಾವಿನ ಪ್ರಮಾಣವನ್ನು ಉಬ್ಬಿದ ಏರ್‌ಬ್ಯಾಗ್ 22 ಶೇಕಡದಿಂದ 11ಕ್ಕೆ ಇಳಿಸುತ್ತದೆ. ಅದೇ ಅಧ್ಯಯನದಲ್ಲಿ ಐದರಲ್ಲಿ ಒಂದು ಚೀಲ ಉಬ್ಬಿರಲೇ ಇಲ್ಲ, ಹೆಚ್ಚಿನ ಸಲ ಕಾರಣ ಧರಿಸಿದವರು ಹಿಡಿ ಎಳೆಯದೇ ಹೋದದ್ದು. ಎರಡೂ ಕೈ ಹ್ಯಾಂಡಲ್ ಮೇಲಿರುವ ಸವಾರನಿಗೆ ಇದು ಇನ್ನೂ ಕಷ್ಟ. ಹಿಡಿ ಎಳೆಯುವುದನ್ನು ಮನೆಯಲ್ಲಿ ಕೈಗೆ ರೂಢಿ ಮಾಡಿಸಬೇಕು. ಮರಗಳಿಗೆ ಬಡಿಯುವುದನ್ನು, ತೋಡಿನಂಥ ಕಿರಿದಾದ ಜಾಗದಲ್ಲಿ ಆಳಕ್ಕೆ ಹೂಳುವುದನ್ನು ಯಾವ ಚೀಲವೂ ತಪ್ಪಿಸುವುದಿಲ್ಲ.

ನಾಲ್ವರು ಬಂದರು

2008ರ ಡಿಸೆಂಬರ್ 28. ಬ್ರಿಟಿಷ್ ಕೊಲಂಬಿಯಾದ ಫರ್ನಿ ಹತ್ತಿರದ ಹಾರ್ವೆ ಪಾಸ್. ಸ್ಪಾರ್‌ವುಡ್ ಎಂಬ ಚಿಕ್ಕ ಊರಿನ 11 ಮಂದಿ ಎರಡು ಗುಂಪಾಗಿ ಸ್ನೋಮೊಬೈಲ್ ಓಡಿಸುತ್ತಿದ್ದರು. ಒಂದರಲ್ಲಿ ಏಳು ಜನ, ಇನ್ನೊಂದರಲ್ಲಿ ನಾಲ್ವರು. ಏಳು ಜನರ ಗುಂಪಿನ ಮೇಲೆ ಕುಸಿತ ಬಂತು. ನಾಲ್ವರು ಓಡಿಬಂದು ಅಗೆಯತೊಡಗಿದರು. ಅಷ್ಟರಲ್ಲಿ ಎರಡನೇ ಕುಸಿತ ಅಗೆಯುತ್ತಿದ್ದವರನ್ನೂ ಮುಚ್ಚಿತು. ಬದುಕಿದವರು ಮೂವರು, ಸತ್ತವರು ಎಂಟು.

ಅವರು ಬಂದದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೂತವರಿಗೆ ಬೇರೆ ದಾರಿಯೇ ಇರಲಿಲ್ಲ. ಆದರೆ ತರಬೇತಿಯಲ್ಲಿ ಮೊದಲು ಹೇಳಿಕೊಡುವುದು ಒಂದು ಪ್ರಶ್ನೆ: ಮೇಲೆ ಇನ್ನೂ ಕುಸಿಯದೆ ಉಳಿದ ಹಿಮ ಇದೆಯೇ? ಆ ಒಂದು ನೋಟಕ್ಕೆ ಬೇಕಾಗುವುದು ಹತ್ತು ಸೆಕೆಂಡು. ಕೆನಡಾದ ಎಎಸ್‌ಟಿ 1 ಎಂಬ ಆರಂಭದ ತರಬೇತಿಯನ್ನು ಸ್ನೋಮೊಬೈಲ್ ಸವಾರರಿಗೆಂದೇ ಅವರ ಗಾಡಿಗಳ ಮೇಲೆ ನಡೆಸುವುದೂ ಇದೆ. ಒಂದೆರಡು ದಿನದ ಪಾಠ ಅದು, ಬಿಡಿಭಾಗಗಳಿಗೆ ಖರ್ಚು ಮಾಡುವವರಿಗೆ ಭಾರವಾಗುವಂಥದ್ದಲ್ಲ.

2016ರ ಜನವರಿ 29ರಂದು ಅದೇ ಪ್ರಾಂತ್ಯದ ಮೆಕ್‌ಬ್ರೈಡ್ ಬಳಿಯ ರೆನ್‌ಶಾ ಪರ್ವತದಲ್ಲಿ ಐವರು ಸವಾರರು ಸತ್ತಾಗ ಅಲ್ಲಿ ಒಂದೇ ಗುಂಪು ಇರಲಿಲ್ಲ, ಹಲವು ಗುಂಪುಗಳು ಒಂದೇ ಕಡೆ ಸೇರಿದ್ದವು. ಜನಪ್ರಿಯ ಜಾಗಗಳಲ್ಲಿ ಇದು ಮಾಮೂಲು. ನಿಮ್ಮ ಗುಂಪು ಎಷ್ಟೇ ಎಚ್ಚರ ಇದ್ದರೂ ಮೇಲೆ ಇನ್ಯಾರೋ ಹೈಮಾರ್ಕ್ ಮಾಡುತ್ತಿರಬಹುದು. ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದು ಅದಕ್ಕೇ ಮುಖ್ಯ. ಕುಸಿತ ಬಂದು ತಲುಪುವ ಹಾದಿಯ ಹೊರಗೆ, ಎಲ್ಲ ಗಾಡಿಗಳ ಮೂತಿಯೂ ತಪ್ಪಿಸಿಕೊಳ್ಳುವ ದಿಕ್ಕಿಗೆ, ಒಂದರ ದಾರಿಗೆ ಇನ್ನೊಂದು ಅಡ್ಡ ಬಾರದಂತೆ.

ಹಾಗಾದರೆ ಮೇಲೆ ಸಿಕ್ಕಿಕೊಂಡ ಆ ಗೆಳೆಯನ ಕಥೆ? ಒಂದು ಹೊತ್ತಿಗೆ ಇಳಿಜಾರಿನ ಮೇಲೆ ಒಬ್ಬನೇ ಎಂದು ಬೆಳಿಗ್ಗೆ ಹೊರಡುವಾಗಲೇ ಮಾತಾಗಿರಬೇಕು. ಮೇಲಿರುವವನು ಗಾಡಿಯ ಸುತ್ತ ಹಿಮ ತುಳಿದು, ಟ್ರ್ಯಾಕಿನ ಕೆಳಗಿನದನ್ನು ಸಲಿಕೆಯಿಂದ ತೆಗೆದು, ಗಾಡಿಗೆ ಮುಂದೆ ಇರುವ ಸ್ಕೀ ಪಟ್ಟಿ ಹಿಡಿದೆಳೆದು ಗಾಡಿಯ ಮೂತಿಯನ್ನು ನಿಧಾನವಾಗಿ ಇಳಿಜಾರಿಗೆ ತಿರುಗಿಸುತ್ತಾನೆ. ಮೂತಿ ಕೆಳಕ್ಕೆ ತಿರುಗಿದರೆ ಉಳಿದದ್ದನ್ನು ಗುರುತ್ವವೇ ಮಾಡಿಕೊಡುತ್ತದೆ. ಬೆವರು ಇಳಿಯುತ್ತದೆ, ಬೈಗುಳವೂ ಬರುತ್ತದೆ, ಒಬ್ಬನೇ ಮಾಡಿದರೆ ಕಾಲು ಗಂಟೆ ಹಿಡಿಯಬಹುದು. ಆ ಕಾಲು ಗಂಟೆ ಕೆಳಗಿನ ನಾಲ್ವರೂ ಹಾದಿಯಿಂದ ಪಕ್ಕಕ್ಕೆ ಸರಿದು, ಎಂಜಿನ್ ಆರಿಸಿ, ಬೆನ್ನಿನ ಚೀಲ ಬಿಚ್ಚದೆ, ಅವನ ಮೇಲಿಂದ ಕಣ್ಣು ತೆಗೆಯದೆ ನಿಂತಿರುತ್ತಾರೆ.